ಪೆಟ್ಟು ತಿನ್ನದ ಕರಡಿ

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ, ಎಲ್ಲರಿಂದಲೂ ಕತ್ತರಿ ಎಂದೇ ಕರೆಸಿಕೊಳ್ಳುವ ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ಬೆಳಿಗ್ಗೆ ಬೂಟಿನ ಲೇಸು ಕಟ್ಟಿಕೊಳ್ಳುತ್ತ, ಅಮ್ಮನಿಗೆ ಖುಷಿಯಾಗಲಿ ಎಂದು ಬಾಯಿ ಬಿಟ್ಟ.

"ಅಮ್ಮಾ, ಇವತ್ತು ಸಂಜೆಯಿಂದ ನಮ್ಮ ಚಾನೆಲ್‌ನಲ್ಲಿ ಆ ಹಳೇ ಕರಡಿ-ಅಳಿಲಿನ ಕಾರ್ಟೂನ್ ಹಾಕ್ತಾರೆ. ಎಲ್ಲೋ ಉಗ್ರಾಣದಲ್ಲಿ ರೀಲು ಸಿಕ್ಕಿದೆ."

ಬಟ್ಟೆ ಮಡಚುತ್ತಿದ್ದ ಅಮ್ಮನ ಕೈ ನಿಂತಿತು. "ನಾನು ದನಿ ಕೊಟ್ಟಿದ್ದೇ?"

"ಅದೇ."

ಅಮ್ಮ ಮಡಚಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಚಿದಳು. "ಆಗ ನಮ್ಮನೇಲಿ ಟೀವಿ ಎಲ್ಲಿತ್ತು ಹೇಳು. ನನ್ನ ದನಿ ನಾನೇ ಕೇಳಿಲ್ಲ ಕಣೋ."

ಕತ್ತರಿ ತೊಟ್ಟಿಲಲ್ಲಿದ್ದ ಕಾಲದಲ್ಲಿ ಅಮ್ಮ ಅವನನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಸ್ಟುಡಿಯೋಗೆ ಹೋಗಿ ಬರುತ್ತಿದ್ದಳು. ಪರದೆಯ ಮೇಲೆ ಅವಳ ಹೆಸರು ಬಂದದ್ದಿಲ್ಲ, ಅವಳೂ ಯಾರಲ್ಲೂ ಹೇಳಿಕೊಂಡದ್ದಿಲ್ಲ. ಆದರೆ ಚಿಕ್ಕಂದಿನಲ್ಲಿ ಕತ್ತರಿ ಬಿದ್ದು ಮಂಡಿ ತರಚಿಕೊಂಡಾಗಲೆಲ್ಲ ಅವಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು "ಅಯ್ಯಯ್ಯಯ್ಯೋ ನನ್ನ ತಲೇ" ಎಂದು ಕರಡಿಯ ಹಾಗೆ ಕೂಗುತ್ತಿದ್ದಳು. ಅಳುತ್ತಿದ್ದವನು ಮೂಗು ಸುರಿಸಿಕೊಂಡೇ ನಗುತ್ತಿದ್ದ. ಅಮ್ಮ ಎಂದರೆ ಕರಡಿ ಎಂದು ಅವನಿಗೆ ಅಂದೇ ಖಾತ್ರಿಯಾಗಿತ್ತು.

ಹೆಂಡತಿ ಅಡುಗೆಮನೆಯಿಂದ ಇದನ್ನು ಕೇಳಿಸಿಕೊಂಡಳು. ಅಷ್ಟೇ ಸಾಕಾಯಿತು. ಕತ್ತರಿ ಮೆಟ್ಟಿಲಿಳಿಯುವಷ್ಟರಲ್ಲಿ ಸುದ್ದಿ ಮೆಟ್ಟಿಲು ಹತ್ತಿ ಇಳಿದು ಮುಗಿಸಿತ್ತು. ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಬಾಲ್ಕನಿಯಿಂದ ಬಗ್ಗಿ ಕೇಳಿದರು.

"ಏನಪ್ಪಾ, ಅಮ್ಮ ಟೀವೀಲಿ ಬರ್ತಾರಂತೆ?"

"ಅಮ್ಮ ಅಲ್ಲ ಮೇಷ್ಟ್ರೇ, ದನಿ."

"ದನಿ ಬಂದ್ರೆ ಅಮ್ಮ ಬಂದ ಹಾಗೇ ಅಲ್ವೇ. ಸಂಜೆ ಎಲ್ಲರೂ ನಿಮ್ಮನೇಲೇ. ಕುರ್ಚಿ ನಾನೇ ತರಿಸ್ತೀನಿ."

ಕತ್ತರಿ ಹಿಗ್ಗಿನಿಂದ ಬಸ್ಸು ಹತ್ತಿದ. ಅರ್ಧ ದಾರಿಯಲ್ಲಿ ಅವನಿಗೆ ತನ್ನ ಕೆಲಸ ಏನೆಂದು ನೆನಪಾಯಿತು. ಕೂತಿದ್ದವನು ಎದ್ದು ನಿಂತ.

ಮಕ್ಕಳ ಚಾನೆಲ್‌ನಲ್ಲಿ ಅವನದು ಕತ್ತರಿಸುವ ಕೆಲಸ. ಕಾರ್ಟೂನಿನಲ್ಲಿ ಮಕ್ಕಳು ನೋಡಬಾರದ್ದು ಏನಿದೆಯೋ ಅದನ್ನು ತೆಗೆಯುವವನು ಅವನೇ. ಅದಕ್ಕೇ ಆ ಅಡ್ಡಹೆಸರು. ಮೊದಮೊದಲು ಕೆಲಸ ಸುಲಭವಿತ್ತು. ಗಂಡು ಬಾತುಕೋಳಿ ಹೆಣ್ಣು ಬಾತುಕೋಳಿಗೆ ಮುತ್ತು ಕೊಟ್ಟರೆ ತೆಗೆ ಎನ್ನುತ್ತಿದ್ದರು. ಅದೇ ಬಾತುಕೋಳಿಯ ಮೇಲೆ ಬಂಡೆ ಉರುಳಿದರೆ ಇಡೀ ಆಫೀಸು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಆಮೇಲೆ ಬೀಡಿ-ಚುಟ್ಟ ಹೋಯಿತು, ಸಿಡಿಮದ್ದು ಹೋಯಿತು, ಬಂದೂಕು ಹೋಯಿತು. ಈಗ ಎಲ್ಲ ತಲೆಕೆಳಗು. ಆಗ ಮುತ್ತು ತಪ್ಪು, ಮೊಟಕು ಸರಿ. ಈಗ ಮುತ್ತು ಸರಿ, ಮೊಟಕು ತಪ್ಪು.

ಆಫೀಸಿಗೆ ಬಂದವನೇ ಬಾಗಿಲು ಹಾಕಿಕೊಂಡು ಅಂದಿನ ಕಂತನ್ನು ಹಚ್ಚಿ ನೋಡಿದ. ಕರಡಿ ಜೇನಿಗೆ ಕೈ ಹಾಕುತ್ತದೆ, ಅಳಿಲು ಬಾಣಲೆ ಎತ್ತಿ ಅದರ ತಲೆಗೆ ಬಾರಿಸುತ್ತದೆ. ಕರಡಿ "ಅಯ್ಯಯ್ಯಯ್ಯೋ ನನ್ನ ತಲೇ" ಎಂದು ಸಣ್ಣ ದನಿಯಲ್ಲಿ ಕೂಗುತ್ತದೆ, ಅಳಿಲು ಬಿದ್ದು ಬಿದ್ದು ನಗುತ್ತದೆ. ಕೊನೆಯವರೆಗೂ ಇಷ್ಟೇ. ಆ ಕೂಗು ಕೇಳಿದಾಗಲೆಲ್ಲ ಕತ್ತರಿಗೆ ತನ್ನ ತರಚಿದ ಮಂಡಿಯೂ ಅಮ್ಮನ ಎಳೆಯ ದನಿಯೂ ನೆನಪಾದವು. ಪೆಟ್ಟು ತೆಗೆದರೆ ಕೂಗಿಗೆ ಅರ್ಥವಿಲ್ಲ. ಪೆಟ್ಟು ಉಳಿಸಿದರೆ ಕೆಲಸವಿಲ್ಲ.

ಏನೇನು ತೆಗೆಯಬೇಕೆಂದು ತೀರ್ಮಾನಿಸುವ ಮೇಡಂ ಬಾಗಿಲು ತೆರೆದು ಒಳಗೆ ಬಂದರು. ಮಕ್ಕಳ ಮನಸ್ಸು ಓದಿಕೊಂಡವರು, ತುಂಬ ಮೃದು. ಗೋಡೆಗೆ ಮೊಳೆ ಹೊಡೆಯುವುದನ್ನೂ ನೋಡಲಾರರು. ಮೊದಲ ಬಾಣಲೆ ಬಿದ್ದ ಕೂಡಲೇ ಕಣ್ಣು ಮುಚ್ಚಿಕೊಂಡರು.

"ಇದು ಹೋಗ್ಬೇಕು."

"ಆಯ್ತು ಮೇಡಂ."

"ಇದೂ."

"ಆಯ್ತು. ಕೂಗೊಂದು ಇಟ್ಕೊಳ್ಳಲಾ?"

"ಪೆಟ್ಟೇ ಇಲ್ದೆ ಅದು ಯಾಕೆ ಕೂಗ್ಬೇಕು?"

"ಜೇನಿನ ಮಡಕೆ ಖಾಲಿ ಅಂತ ದುಃಖಕ್ಕೆ."

"ಬೇಡಪ್ಪ. ದುಃಖ ಪೆಟ್ಟಿಗಿಂತ ಕೆಟ್ಟದ್ದು. ಮಗು ರಾತ್ರಿಯೆಲ್ಲ ಅದನ್ನೇ ನೆನೆಸ್ಕೊಳ್ಳುತ್ತೆ."

ಅಷ್ಟರಲ್ಲಿ ಜಾಹೀರಾತಿನವನು ನುಗ್ಗಿ ಬಂದ. ಅವನ ಕಷ್ಟವೇ ಬೇರೆ. "ಏನ್ರೀ, ಪೆಟ್ಟೆಲ್ಲ ತೆಗೀತಿದ್ದೀರಂತೆ? ಇವತ್ತಿನ ಪ್ರಾಯೋಜಕರು ಹೆಲ್ಮೆಟ್ ಕಂಪನಿಯವರು. ಕರಡಿ ತಲೆಗೆ ಏಟು ಬೀಳುತ್ತೆ ಅಂತಾನೇ ಅವರು ಒಪ್ಪಿದ್ದು."

"ಹಾಗಾದ್ರೆ ಕರಡಿಗೆ ಹೆಲ್ಮೆಟ್ ಹಾಕ್ಸಿ," ಎಂದರು ಮೇಡಂ.

"ಹಾಕಿದ್ರೆ ಅದು ಕೂಗಲ್ಲ," ಎಂದ ಕತ್ತರಿ, ತನ್ನ ಚಿಂತೆಯಲ್ಲೇ.

ಮೂವರೂ ಸಾಹೇಬರ ಕೋಣೆಗೆ ಹೋದರು. ಸಾಹೇಬರು ಎರಡೂ ಕಡೆ ತಲೆಯಾಡಿಸುವುದರಲ್ಲಿ ಪಳಗಿದವರು. ಎಲ್ಲರ ಮಾತನ್ನೂ ಕೇಳಿ, "ಪೆಟ್ಟು ಇರ್ಬಾರ್ದು, ಆದ್ರೆ ಪೆಟ್ಟಿನ ಮಜಾ ಇರ್ಬೇಕು. ಸಂಜೆಯೊಳಗೆ ಮಾಡಿಬಿಡಿ," ಎಂದು ಫೋನು ಕೈಗೆತ್ತಿಕೊಂಡರು.

ಮಧ್ಯಾಹ್ನ ಊಟವನ್ನೂ ಮಾಡದೆ ಕತ್ತರಿ ಕಂತನ್ನು ಕುಯ್ದ. ಬಾಣಲೆ ಹೋಯಿತು, ಬಕೆಟ್ಟು ಹೋಯಿತು, ಮರದಿಂದ ಬೀಳುವುದು ಹೋಯಿತು. ಉಳಿದದ್ದರಲ್ಲಿ ಕರಡಿ ಸುಮ್ಮನೆ ಅತ್ತಿಂದಿತ್ತ ನಡೆದಾಡುತ್ತಿತ್ತು, ಡಾಕ್ಟರ್ ಹೇಳಿದರೆಂದು ವಾಕಿಂಗ್ ಹೊರಟ ಗುಮಾಸ್ತನ ಹಾಗೆ. ಒಂದು ಕಡೆ ಅದು ಬಗ್ಗಿ ಹೂವು ಮೂಸುತ್ತಿತ್ತು. ಕತ್ತರಿ ಒಂದು ಕೂಗಿನಿಂದ "ನನ್ನ ತಲೇ" ಎಂಬುದನ್ನು ಕತ್ತರಿಸಿ, ಬರೀ "ಅಯ್ಯಯ್ಯಯ್ಯೋ" ಅನ್ನು ಹೂವಿನ ಮುಂದೆ ತಂದು ಕೂರಿಸಿದ. ಮೇಡಂ ಮತ್ತೆ ಬಂದರು.

"ಹೂವು ನೋಡಿ ಯಾಕೆ ಅಯ್ಯೋ ಅನ್ನುತ್ತೆ?"

"ಪರಿಮಳ ತಡೀಲಾರದೆ."

"ಅನುಮಾನ ಬರ್ತಿದೆ. ತೆಗೆದುಬಿಡಿ."

ಕತ್ತರಿ ಕುರ್ಚಿಯಿಂದ ಎದ್ದ. "ಮೇಡಂ, ಅದು ನಮ್ಮಮ್ಮನ ದನಿ. ಅವಳು ಇದುವರೆಗೂ ಕೇಳೇ ಇಲ್ಲ. ಈಗ ಇಡೀ ಬಿಲ್ಡಿಂಗು ನಮ್ಮನೇಲಿ ಕುರ್ಚಿ ಹಾಕಿ ಕೂತಿರುತ್ತೆ."

ಮೇಡಂ ಆ ಕೂಗನ್ನು ಇನ್ನೊಮ್ಮೆ ಹಾಕಿಸಿ ಕೇಳಿದರು. ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು.

"ಮೊದ್ಲೇ ಹೇಳ್ಬಾರ್ದಿತ್ತಾ. ಇರ್ಲಿ ಬಿಡಿ, ಅಮ್ಮನ ಕೂಗು ಇರ್ಲಿ. ಮೂರು ಕಡೆ ಬೇಕಾದ್ರೂ ಹಾಕ್ಕೊಳ್ಳಿ. ಆದ್ರೆ ಆ ಅಳಿಲಿನ ನಗು ಮಾತ್ರ ಪೂರ್ತಿ ಹೋಗ್ಬೇಕು. ಇನ್ನೊಬ್ಬರ ನೋವಿಗೆ ನಗೋದನ್ನ ನಾನು ಬಿಡಲ್ಲ."

"ಒಂದು ಚೂರೂ ಬಿಡಲ್ಲ ಮೇಡಂ," ಎಂದ ಕತ್ತರಿ. ತಲೆಯಿಂದ ಮೂಟೆ ಇಳಿದವನಂತೆ ಹಗುರಾಗಿ ಕೂತು, ಆ ಹಾಳು ಅಳಿಲಿನ ಒಂದೊಂದು ನಗುವನ್ನೂ ಹುಡುಕಿ ಹುಡುಕಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸಿ ಎಸೆದ. ಅರೆಬರೆ ಕಿಸಕ್ಕೆಂದಿದ್ದನ್ನೂ ಬಿಡಲಿಲ್ಲ.

ಸಂಜೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತು ಎಲ್ಲರನ್ನೂ ಸುಮ್ಮನಿರಿಸುತ್ತಿದ್ದರು. ಅಮ್ಮ ಹೊಸ ಬಟ್ಟೆ ಉಟ್ಟು, ತಲೆ ಬಾಚಿಕೊಂಡು, ಫೋಟೋ ತೆಗೆಸಿಕೊಳ್ಳುವವಳ ಹಾಗೆ ನೆಟ್ಟಗೆ ಕೂತಿದ್ದಳು.

ಕಾರ್ಟೂನ್ ಶುರುವಾಯಿತು. ಕರಡಿ ನಡೆಯಿತು. ಇನ್ನೂ ನಡೆಯಿತು. ಹೂವಿನ ಹತ್ತಿರ ಬಗ್ಗಿ "ಅಯ್ಯಯ್ಯಯ್ಯೋ" ಎಂದಿತು. ಕತ್ತರಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ, ಜನರೂ ತಟ್ಟಿದರು. ಚಿಟ್ಟೆಯನ್ನು ನೋಡಿ ಅದು ಮತ್ತೆ "ಅಯ್ಯಯ್ಯಯ್ಯೋ" ಎಂದಿತು, ಮತ್ತೆ ಚಪ್ಪಾಳೆ. ಅಳಿಲು ಬಾಯಿ ಮುಚ್ಚಿಕೊಂಡು ಮರ ಹತ್ತಿತು, ಇಳಿಯಿತು. ಹೆಲ್ಮೆಟ್ಟಿನ ಜಾಹೀರಾತು ಬಂತು. ಮುಗಿಯಿತು.

"ಹೇಗಿತ್ತಮ್ಮಾ?" ಕತ್ತರಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಚೆನ್ನಾಗಿತ್ತು ಕಣೋ. ಹೂವೆಲ್ಲ ಎಷ್ಟು ಚೆನ್ನಾಗಿ ಕಾಣ್ತು." ಅಮ್ಮ ಕನ್ನಡಕ ತೆಗೆದು ಒರೆಸಿದಳು. ಸ್ವಲ್ಪ ಹೊತ್ತು ಒರೆಸುತ್ತಲೇ ಇದ್ದಳು. "ಅಳಿಲು ಯಾಕೋ ನಗಲೇ ಇಲ್ಲ?"

"ಅದನ್ನ ತೆಗೆದುಬಿಟ್ವಿ. ನಿನ್ನ ಕೂಗು ಉಳಿಸ್ಕೊಳ್ಳೋಕೆ ಪಟ್ಟ ಪಾಡು ನನಗೇ ಗೊತ್ತು."

"ನನ್ನ ಕೂಗೆಲ್ಲಿ ಬಂತೋ? ಅದು ಸ್ಟುಡಿಯೋ ಕಾವಲುಗಾರಂದು. ಆಳು ಅಷ್ಟೆತ್ತರ, ದನಿ ಮಾತ್ರ ಇಷ್ಟೇ, ಪಾಪ. ಅವನು ಕೂಗೋದನ್ನೇ ನಾನು ಮನೇಲಿ ನಿನಗೆ ಮಾಡಿ ತೋರಿಸ್ತಿದ್ದೆ." ಅಮ್ಮ ಮಗನ ಮುಖ ನೋಡಿ ದನಿ ತಗ್ಗಿಸಿದಳು. "ನಾನು ಅಳಿಲು ಕಣೋ. ನಂದು ಬರೀ ನಗು."

ಕತ್ತರಿ ಚೂರುಪಾರನ್ನೂ ಬಿಡದೆ ಆರಿಸಿ ಎಸೆದ ಕೈಗಳನ್ನು ನೋಡಿಕೊಂಡ. "ಅಮ್ಮಾ," ಎಂದ.

"ಹೋಗ್ಲಿ ಬಿಡೋ. ಯಾರಿಗಾಗಿ ಮಾಡಿದೆ, ನನಗಾಗಿ ತಾನೇ," ಎಂದು ಅಮ್ಮ ಅವನ ತಲೆ ಸವರಿದಳು.

ಕೋಣೆ ಸಪ್ಪಗಾಯಿತು. ಮೇಷ್ಟ್ರು ಕೆಮ್ಮಿದರು. "ಅಲ್ಲಮ್ಮಾ, ಟೀವೀಲಿ ಬರದಿದ್ರೇನಂತೆ. ನೀವೇ ಎದುರಿಗಿದ್ದೀರಿ. ಒಂದ್ಸಲ ನಕ್ಕುಬಿಡಿ, ಕೇಳ್ತೀವಿ."

"ಸುಮ್ ಸುಮ್ನೆ ಹೇಗೆ ಬರುತ್ತೆ ಮೇಷ್ಟ್ರೇ? ಆಗ್ಲೂ ನನಗೆ ಬರ್ತಿರ್ಲಿಲ್ಲ. ಆ ಕಾವಲುಗಾರನ ತಲೆಗೆ ನಿಜವಾಗ್ಲೂ ಒಂದು ಬಿಟ್ಟ ಮೇಲೇ ನಾನು ನಗ್ತಿದ್ದದ್ದು."

ಎಲ್ಲರೂ ಮೆಲ್ಲಗೆ ತಿರುಗಿ ಕತ್ತರಿಯನ್ನು ನೋಡಿದರು. ಹೆಂಡತಿ ಆಗಲೇ ಎದ್ದು ಅಡುಗೆಮನೆಗೆ ಹೋಗಿದ್ದಳು.

ಅವಳು ತಂದ ಬಾಣಲೆಯಿಂದ ಮೊದಲು ಮೇಷ್ಟ್ರು ಕತ್ತರಿಯ ತಲೆಗೆ ಮೆತ್ತಗೆ ತಟ್ಟಿದರು. ಕತ್ತರಿಗೂ ಏನೂ ಆಗಲಿಲ್ಲ, ಅಮ್ಮನಿಗೂ ಏನೂ ಆಗಲಿಲ್ಲ. "ಕೊಡಿ ಇಲ್ಲಿ," ಎಂದು ಹೆಂಡತಿ ಬಾಣಲೆ ಇಸಿದುಕೊಂಡಳು. ಮದುವೆಯಾದಂದಿನಿಂದ ಕೂಡಿಟ್ಟದ್ದೆಲ್ಲ ಆ ಕೈಯಲ್ಲಿತ್ತೋ ಏನೋ, ಠಣ್ ಎಂದ ಸದ್ದಿಗೆ ಕಿಟಕಿಯ ಮೇಲಿದ್ದ ಪಾರಿವಾಳ ಹಾರಿಹೋಯಿತು.

"ಅಯ್ಯಯ್ಯಯ್ಯೋ ನನ್ನ ತಲೇ!"

ಅದು ಕತ್ತರಿಯ ಸ್ವಂತ ಕೂಗು, ಯಾರದೂ ಅನುಕರಣೆಯಲ್ಲ. ಅದನ್ನು ಕೇಳಿ ಅಮ್ಮನ ಭುಜ ಅಲುಗಿತು. ಗಂಟಲಲ್ಲಿ ಏನೋ ಕಿಚಕಿಚ ಎಂದಿತು. ಆಮೇಲೆ ಹೊರಟ ನಗು ಮೆಟ್ಟಿಲ ಮೇಲೆ ಚೆಲ್ಲಿದ ಗೋಲಿಗಳಂತೆ ಒಂದರ ಹಿಂದೊಂದು ಪುಟಿದು ಉರುಳಿ, ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಪುಟಿಯಿತು. ಮೇಷ್ಟ್ರು ಕುರ್ಚಿಯಿಂದ ಜಾರಿದರು. ಹೆಂಡತಿ ಬಾಣಲೆಯಲ್ಲೇ ಮುಖ ಮುಚ್ಚಿಕೊಂಡಳು. ತಲೆ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದ ಕತ್ತರಿಗೆ ನೋವಿಗೋ ನಗೆಗೋ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಎಲ್ಲರೂ ಏಳುವ ಹೊತ್ತಿಗೆ ಹೆಂಡತಿ ಅವನ ಬುರುಡೆಗೆ ಐಸು ಒತ್ತುತ್ತಿದ್ದಳು. ಅಮ್ಮ ಇನ್ನೂ ಬಿಕ್ಕಳಿಸಿ ನಗುತ್ತ ಕೇಳಿದಳು: "ನಾಳೆನೂ ಇದ್ಯೇನೋ ಕಾರ್ಟೂನು?"

"ದಿನಾ ಇದೆಯಮ್ಮಾ."

"ಹಾಗಾದ್ರೆ ನಾಳೆ, ಕರಡಿ ಮೇಲೆ ಏಣಿ ಬೀಳೋ ಕಂತಿರ್ಬೇಕು."

ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಮೇಷ್ಟ್ರು ತಿರುಗಿ ನಿಂತರು. "ಅದಕ್ಕೇನು ಯೋಚನೆ ಮಾಡ್ಬೇಡಿ," ಎಂದರು, "ನಮ್ಮನೇಲಿ ಏಣಿ ಇದೆ."