ಜುಸ್ತೀನಾಳ ನೀಲಿ ಅಂಚಿನ ಬಟ್ಟಲು

ಮೊದಲ ಹಿಮ ಬಿದ್ದ ವಾರ, ಭಾನುವಾರ ಬೆಳಗಿನ ಹೊತ್ತು. ಪ್ರಾರ್ಥನಾ ಮನೆಯಲ್ಲಿ ಸಭೆಯ ಹಿರಿಯ ಆರೋನನ ಬೋಧನೆ ಅರ್ಧಕ್ಕೆ ಬಂದಾಗ ಒಲೆಯಲ್ಲಿ ಕಲ್ಲಿದ್ದಲು ತೀರಿತು. ಕೊರ್ನೆಲಿಯಸನ ಫಜೀತಿ ಶುರುವಾದದ್ದು ಅಲ್ಲಿಂದ.

ಒಲೆ ನೋಡಿಕೊಳ್ಳುವುದು ಅವನ ಕೆಲಸ. ಯಾರೂ ವಹಿಸಿದ್ದಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನು ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದ. ಸುಮ್ಮನೆ ಕೂರುವುದೇಕೆಂದು ಒಮ್ಮೆ ಒಲೆ ಹಚ್ಚಿದ. ಹಚ್ಚಿದವನೇ ಅದರ ಯಜಮಾನನಾದ.

ಸರ್ಕಾರದ ಸಾಮೂಹಿಕ ಬೇಸಾಯ ಮುಳುಗಿ, ಕರೆಂಟು ಶ್ರೀಮಂತ ನೆಂಟನ ಹಾಗೆ ಮುಖ ತೋರಿಸಿ ಹೋಗುತ್ತಿದ್ದ ಕಾಲ ಅದು. ಬೆಟ್ಟದ ಕೆಳಗಿನ ನಮ್ಮ ಕಿರ್ಗಿಜ್ ಊರಿನಲ್ಲಿ, ಅಜ್ಜಂದಿರ ಕಾಲದಿಂದ ನೆಲೆಸಿದ್ದ ನಮ್ಮ ಜರ್ಮನರ ಬೀದಿಯಲ್ಲಿ ಅರ್ಧ ಮನೆಗಳವರು ಗಂಟುಮೂಟೆ ಕಟ್ಟಿ ಜರ್ಮನಿಗೆ ಹೊರಟುಹೋಗಿದ್ದರು. ಉಳಿದವರಲ್ಲಿ ಕೊರ್ನೆಲಿಯಸನೂ ಒಬ್ಬ. ಅವನ ಮೇಜಿನ ಮೇಲೆ ಯಾವಾಗಲೂ ಎರಡು ಲೋಟ. ಒಂದರಲ್ಲಿ ಚಹಾ, ಇನ್ನೊಂದು ಬೋರಲು. ಯಾರಾದರೂ ಬಂದು ಆ ಬೋರಲು ಲೋಟ ಎತ್ತಿ ಎದುರಿಗೆ ಕೂತು ಕುಡಿಯಲಿ ಅನ್ನುವುದೊಂದೇ ಅವನ ಆಸೆ. ಹಾಗಂತ ಬಾಯಿಬಿಟ್ಟು ಕರೆಯುವುದು ಹೇಗೆ? ನಮ್ಮವರು ಮಕ್ಕಳಿಗೆ ಕೊಡುವುದನ್ನು ಕಲಿಸುತ್ತಾರೆ, ಕೇಳುವುದನ್ನು ಕಲಿಸುವುದಿಲ್ಲ.

ಆ ಭಾನುವಾರ ಇದ್ದಲು ತರಲು ಹೊರಗೆ ಹೋದವನು ಬಕೆಟ್ಟು ಹೊತ್ತು ಒಳಗೆ ಬಂದಾಗ ಆರೋನ್ ಮಾತು ಮುಗಿಸುತ್ತಿದ್ದ.

"ಕಷ್ಟದ ಕಾಲದಲ್ಲೇ ನಮ್ಮ ನಂಬಿಕೆಗೆ ಕೈಕಾಲು ಬರಬೇಕು. ಇವತ್ತೇ ಹೋಗಿ, ನಾಳೆ ಅನ್ನಬೇಡಿ. ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗೋದು ಬೇಡ."

ಎಲ್ಲರೂ ತಿರುಗಿ ಕೊರ್ನೆಲಿಯಸನನ್ನು ನೋಡಿದರು, ಆಮೇಲೆ ಒಟ್ಟಿಗೇ ನೆಲ ನೋಡಿದರು. ಮುಖಕ್ಕೆ ಮಸಿ ಹತ್ತಿರಬೇಕೆಂದು ಅವನು ಕೈಯಿಂದ ಒರೆಸಿಕೊಂಡ. ಅಲ್ಲಿಯವರೆಗೆ ಇಲ್ಲದ ಮಸಿ ಆಗ ಹತ್ತಿತು.

ಮಾತು ಅವನ ಮನಸ್ಸಿಗೆ ನಾಟಿತ್ತು. ಮನೆಗೆ ಹೋದವನೇ ಕೊಡಲಿ ಹೆಗಲಿಗಿಟ್ಟು, ಜಾರುಬಂಡಿ ಎಳೆದುಕೊಂಡು ವಿಧವೆ ಜುಸ್ತೀನಾಳ ಮನೆಗೆ ನಡೆದ. ಜುಸ್ತೀನಾಳಿಗೆ ಬಂದು ನೆಲೆಸಲು ಜರ್ಮನಿಯಿಂದ ಅನುಮತಿ ಬಂದಿತ್ತು. ಅಲ್ಲಿದ್ದ ಮಗಳು ಬಾ ಬಾ ಅನ್ನುತ್ತಿದ್ದಳು. ಇವಳು ಮಾತ್ರ ಹೋಗಲೋ ಬೇಡವೋ ಎಂದು ಇನ್ನೂ ತೂಗುತ್ತಿದ್ದಳು.

ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಅವಳು ಬಾಗಿಲು ತೆರೆದಳು. "ನೀವ್ಯಾಕೆ ಇಲ್ಲಿಗೆ ಬಂದ್ರಿ?"

"ಸೌದೆ ಒಡೆಯೋಣ ಅಂತ."

"ಸೌದೆ ಎಲ್ಲ ಒಡೆದಾಗಿದೆ. ಮನೇಗ್ ಹೋಗಿ."

ಅವಳ ಹಿಂದೆ ಅಂಗಳದಲ್ಲಿ ಒಡೆಯದ ದಿಮ್ಮಿಗಳು ಮಲಗಿದ ಎಮ್ಮೆಗಳ ಹಾಗೆ ಬಿದ್ದಿದ್ದವು.

"ಅವು?"

"ಅವು ಹಾಗೇ ಇರ್ಲಿ, ನೋಡೋಕೆ ಚೆನ್ನಾಗಿವೆ. ನೀವು ಮನೇಲಿರಿ ಅಂದ್ನಲ್ಲ."

ಸಂಕೋಚದ ಹೆಂಗಸು, ಸಹಾಯ ಬೇಡ ಅನ್ನುತ್ತಾಳೆ ಎಂದುಕೊಂಡ ಕೊರ್ನೆಲಿಯಸ್ ಕೊಡಲಿ ಎತ್ತಿ ಬೀಸಿದ. ಕಾವು ಕೈಯಲ್ಲೇ ಉಳಿಯಿತು. ಕೊಡಲಿ ಮಾತ್ರ ಹಕ್ಕಿಯಂತೆ ಹಾರಿ, ಚಳಿಗಾಲಕ್ಕೆಂದು ಹುಳಿ ಹಾಕಿಟ್ಟಿದ್ದ ಕೋಸಿನ ಪೀಪಾಯಿಗೆ ಬಡಿಯಿತು. ಉಪ್ಪುನೀರು ಅಂಗಳವೆಲ್ಲ ಹರಿಯಿತು.

ಜುಸ್ತೀನಾ ಪೀಪಾಯಿ ನೋಡಿದಳು, ಅವನನ್ನು ನೋಡಿದಳು. "ದೇವರು ನಿಮ್ಮ ಸೇವೆ ಮೆಚ್ಚಲಿ. ಈಗಲಾದ್ರೂ ಮನೇಗ್ ಹೋಗ್ತೀರಾ?"

ಬೈದಳು, ನಿಜ. ಆದರೆ ಬಾಗಿಲು ಹಾಕುವಾಗ ಅವಳ ಬಾಯಂಚಿನಲ್ಲಿ ನಗು ಇತ್ತು. ಅದನ್ನು ನೋಡಬೇಕಾದವನು ಕೊಡಲಿ ಹುಡುಕುತ್ತಿದ್ದ.

ಮುಂದೆ ಕಾಲು ಮುರಿದುಕೊಂಡಿದ್ದ ಇಸಾಕನ ಮನೆ. ನೋಡಿದರೆ ಇಸಾಕ್ ಬೀದಿಯಲ್ಲೇ ಇದ್ದಾನೆ. ಒಂದು ಕಂಕುಳಲ್ಲಿ ಊರುಗೋಲು, ಇನ್ನೊಂದರಲ್ಲಿ ಬಟ್ಟೆ ಮುಚ್ಚಿದ ಪಾತ್ರೆ, ಹಿಮದಲ್ಲಿ ಒಂಟಿಕಾಲ ಕೊಕ್ಕರೆಯ ಹಾಗೆ ಕುಪ್ಪಳಿಸುತ್ತಾ ಬರುತ್ತಿದ್ದಾನೆ.

"ಈ ಕಾಲಲ್ಲಿ ಎಲ್ಲಿಗೋ ಹೊರಟೆ?"

ಇಸಾಕ್ ತಡವರಿಸಿದ. "ಗಾಳಿಗೆ."

"ಪಾತ್ರೆ ಯಾಕೆ?"

"ಅದಕ್ಕೂ ಗಾಳಿ ಬೇಡ್ವಾ?"

"ಕಾಲಿನ ಜೊತೆ ತಲೇನೂ ಮುರ್ಕೊಂಡಿದ್ದೀಯ," ಎಂದ ಕೊರ್ನೆಲಿಯಸ್, ಅವನನ್ನು ಅನಾಮತ್ತಾಗಿ ಎತ್ತಿ ಜಾರುಬಂಡಿಯಲ್ಲಿ ಕೂರಿಸಿದ.

"ಬಿಡೋ ಮಾರಾಯ. ನೀನು ನಿನ್ನ ಮನೇಗ್ ಹೋಗೋ, ನಿನ್ನ ಕಾಲಿಗೆ ಬೀಳ್ತೀನಿ."

"ಬೀಳೋದಕ್ಕೂ ಕಾಲು ನೆಟ್ಟಗಿರ್ಬೇಕು."

ಮನೆಗೆ ಎಳೆದೊಯ್ದು ಮಲಗಿಸಿ, ಮೇಲೆ ಎರಡು ಕಂಬಳಿ ಹೊದಿಸಿ, ಊರುಗೋಲನ್ನು ಕೈಗೆಟುಕದ ಹಾಗೆ ಅಟ್ಟದ ಮೇಲಿಟ್ಟ. ಪಕ್ಕದಲ್ಲೇ ಕಾವಲು ಕೂತ. ಇಸಾಕ್ ಸ್ವಲ್ಪ ಹೊತ್ತು ಗೊಣಗಿ, ಇವನು ತೊಲಗಲಿ ಎಂದು ಕಣ್ಣು ಮುಚ್ಚಿ ಗೊರಕೆ ನಟಿಸಿದ. ನಟಿಸುತ್ತಾ ನಿಜವಾಗಿಯೂ ನಿದ್ದೆ ಹೋದ. ಕೊರ್ನೆಲಿಯಸನಿಗೆ ಒಂದು ಲೋಟ ಚಹಾ ಸಿಕ್ಕರೆ ಸಾಕಾಗಿತ್ತು. ಮಲಗಿದವನನ್ನು ಕೇಳುವುದು ಹೇಗೆ? ಬೆಳಕು ಇಳಿಯುವವರೆಗೆ ಗೊರಕೆ ಕೇಳುತ್ತಾ ಕೂತು ಎದ್ದುಬಂದ. ಇಡೀ ದಿನ ಸೇವೆಗೆ ಅಲೆದರೂ ಈ ಬೀದಿಯಲ್ಲಿ ತಾನು ಯಾರಿಗೂ ಬೇಡವಲ್ಲ, ಎಲ್ಲರೂ ಮನೆಗೆ ಹೋಗು ಅನ್ನುವವರೇ ಎಂದುಕೊಳ್ಳುತ್ತಾ ಮನೆಯ ಕಡೆ ಜಾರುಬಂಡಿ ಎಳೆದ.

ಅವನ ಮನೆಯ ಮುಂದೆ ಪಕ್ಕದ ಮನೆಯ ಬುರುಲ್ ಅಪಾ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಹಿರಿಯ ಹೆಂಗಸನ್ನು ಕಿರ್ಗಿಜರು ಅಪಾ ಅನ್ನುತ್ತಾರೆ; ಈ ಕಿರ್ಗಿಜ್ ಮುದುಕಿಗೆ ತಿಳಿಯದ ಸುದ್ದಿ ಊರಲ್ಲಿಲ್ಲ.

"ಎಲ್ಲಿ ಹಾಳಾಗ್ ಹೋಗಿದ್ಯೋ ತಮ್ಮಾ? ನಿನ್ನ ಬಾಗಿಲಲ್ಲಿ ಮದುವೆ ಮನೆ ಹಾಗೆ ಜನ. ಬರೋರು, ಬಡಿಯೋರು, ಕಾಯೋರು, ಹೋಗೋರು."

"ನನ್ನ ಬಾಗಿಲಿಗಾ? ಯಾಕೆ ಅಪಾ?"

"ಯಾಕೆ ಅಂದ್ರೆ? ಈ ಬೀದೀಲಿ ಗೋಡೆ ನೋಡ್ಕೊಂಡು ಊಟ ಮಾಡೋನು ಒಬ್ನಿದ್ದಾನೆ, ಇವತ್ತು ಎಲ್ರೂ ಹೋಗಿ ಅವನ ಜೊತೆ ಕೂತು ಉಣ್ಣಿ ಅಂತ ನಿಮ್ಮ ಹಿರಿಯ ಹೇಳಿದ್ನಂತೆ. ನೀನು ಇದ್ದಲಿಗೆ ಹೊರಗೆ ಹೋಗೋದನ್ನೇ ಕಾದು ಹೇಳಿದ್ನಂತೆ. ನಿನಗೆ ಮಾತ್ರ ಹೇಳ್ಬೇಡಿ ಅಂದ್ನಂತೆ. ನಾನು ಮುಸಲ್ಮಾನಳು, ನಿನಗೆ ಹೇಳ್ಬೇಡ ಅಂತ ನನಗೆ ಯಾರೂ ಹೇಳಿಲ್ಲ."

ಮೆಟ್ಟಿಲ ಮೇಲೆ ಆರೋನನ ಮನೆಯ ಸೂಪು ಗಾಜಿನಂತೆ ಹೆಪ್ಪುಗಟ್ಟಿತ್ತು. ಬುರುಲ್ ಅಪಾ ಕರಿದು ತಂದಿಟ್ಟ ಬೋರ್ಸೋಕು ಎಂಬ ಹಿಟ್ಟಿನ ಉಂಡೆಗಳನ್ನು ನಾಯಿ ತಿಂದು ತಟ್ಟೆಯನ್ನೂ ನೆಕ್ಕಿತ್ತು. ನೀಲಿ ಅಂಚಿನ ದೊಡ್ಡ ಬಟ್ಟಲಲ್ಲಿ ಒಂದರ ಮೇಲೊಂದು ಕೂತ ಜೋಡಿ ಬನ್ನುಗಳು. ಅಂಥ ಬನ್ನು ಸುಡುವವಳು ಜುಸ್ತೀನಾ ಒಬ್ಬಳೇ. ಸುತ್ತ ಹಿಮದ ತುಂಬ ಹೆಜ್ಜೆ ಗುರುತುಗಳು. ಎಲ್ಲ ಬಂದಿದ್ದವು, ಎಲ್ಲ ವಾಪಸ್ ಹೋಗಿದ್ದವು.

ಅವನು ಒಳಗೆ ಹೋಗಿ ಬನ್ನು ಕಾಯಿಸಿಕೊಂಡು ತಿಂದ. ಗೋಡೆ ನೋಡಿಕೊಂಡೇ ತಿಂದ.

ಬಂದ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು. ಕಿರ್ಗಿಜರಿಂದ ನಮಗೆ ಬಂದ ಕಟ್ಟಳೆ ಇದು, ಈಗ ನಮ್ಮದೇ ಆಗಿದೆ. ಆರೋನನ ಪಾತ್ರೆಯಲ್ಲಿ ಆಲೂಗಡ್ಡೆ, ಬುರುಲ್ ಅಪಾಳ ತಟ್ಟೆಯಲ್ಲಿ ಒಣಗಿಸಿದ ಸೇಬು ಹಾಕಿ ಮರುದಿನವೇ ಕೊಟ್ಟುಬಂದ. ಎರಡೂ ಕಡೆ ಕೆಲಸ ಹೊಸ್ತಿಲಲ್ಲೇ ಮುಗಿಯಿತು. ಆಗಲೇ ಅವನಿಗೊಂದು ಉಪಾಯ ಹೊಳೆದದ್ದು. ಜುಸ್ತೀನಾಳ ಬಟ್ಟಲನ್ನೂ ಹೀಗೇ ಕೊಟ್ಟರೆ ಹೊಸ್ತಿಲಲ್ಲೇ ಮುಗಿದುಹೋಗುತ್ತದೆ. ಕೊಡದಿದ್ದರೆ? ಅಷ್ಟು ದೊಡ್ಡ ಬಟ್ಟಲು, ಕೇಳಲಾದರೂ ಬಂದೇ ಬರುತ್ತಾಳೆ. ಬಂದರೆ ಒಳಗೆ ಕರೆಯಬಹುದು, ಬೋರಲು ಲೋಟ ನೆಟ್ಟಗಿಡಬಹುದು.

ಬಟ್ಟಲು ತೊಳೆದು, ತುಂಬ ಅಕ್ರೋಟು ಹಾಕಿ, ಕಿಟಕಿಯಲ್ಲಿಟ್ಟ. ಪ್ರತಿ ಸಂಜೆ ನೀರು ಕಾಯಿಸಿ ಬಾಗಿಲು ನೋಡಿದ. ಅವಳು ಬರಲಿಲ್ಲ.

ವಾರ ತುಂಬುವಷ್ಟರಲ್ಲಿ ಜುಸ್ತೀನಾ ಹೊರಡುವ ಸುದ್ದಿ ಬಂತು. ಅವಳ ಪೆಟ್ಟಿಗೆಯನ್ನು ಜಾರುಬಂಡಿಯಲ್ಲಿ ಬಸ್ಸಿನವರೆಗೆ ಎಳೆದವನು ಕೊರ್ನೆಲಿಯಸನೇ. ಆ ದಿನ ಅವನ ಸೇವೆ ಯಾರೂ ಬೇಡವೆನ್ನಲಿಲ್ಲ.

"ನಿಮ್ಮ ಬಟ್ಟಲು ನಮ್ಮಲ್ಲೇ ಉಳೀತು," ಎಂದ.

"ಗೊತ್ತು," ಎಂದಳು ಜುಸ್ತೀನಾ. ಬಸ್ಸು ಹತ್ತಿ ಕೂತಳು.

ಬಸ್ಸು ತಿರುವು ದಾಟಿದ ಮೇಲೆ ಬುರುಲ್ ಅಪಾ ಅವನ ಪಕ್ಕಕ್ಕೆ ಬಂದಳು. "ಪೆದ್ದೇ, ವಾರವೆಲ್ಲ ಅವಳು ಸಂಜೆ ಎರಡು ಲೋಟ ಇಟ್ಕೊಂಡು ಕೂತಿದ್ಲು. ಪಾತ್ರೆ ವಾಪಸ್ ಕೊಡೋ ನೆವಕ್ಕಾದ್ರೂ ಬರ್ತಾನೆ ಅಂತ. ಅದಕ್ಕೇ ಮನೇಲಿದ್ದ ದೊಡ್ಡ ಬಟ್ಟಲನ್ನೇ ತಂದಿಟ್ಟಿದ್ದು. ಅವನು ಬಂದು ಕೂತ್ರೆ ನಾನು ಹೋಗಲ್ಲ ಅಪಾ ಅಂದಿದ್ಲು ನನ್ನ ಹತ್ರ."

"ನನಗ್ಯಾಕೆ ಹೇಳಲಿಲ್ಲ?"

"ಯಾರಿಗೂ ಹೇಳ್ಬೇಡ ಅಂದಿದ್ಲು. ಇದೊಂದು ಸಲ ಮಾತು ಉಳಿಸ್ಕೊಂಡೆ."

ಕೊರ್ನೆಲಿಯಸ್ ಖಾಲಿ ಜಾರುಬಂಡಿ ಎಳೆದುಕೊಂಡು ಪ್ರಾರ್ಥನಾ ಮನೆಯ ಕಡೆ ನಡೆದ. ಮರುದಿನಕ್ಕೆ ಇದ್ದಲು ತುಂಬಿಡಬೇಕಿತ್ತು. ಜುಸ್ತೀನಾ ಹೋದದ್ದು ಶನಿವಾರ.