ಪ್ರೇಮನಾಥನ ಹಾಕು-ತೆಗಿ ಬೋರ್ಡು

ಪ್ರೇಮನಾಥನಿಗೆ ಲೋಕದ ಮೇಲೆ ಇದ್ದ ಸಿಟ್ಟು ಒಂದೇ: ಜನ ಕೇಳುತ್ತಾರೆ.

ಪುತ್ತೂರು ಬಸ್‌ಸ್ಟ್ಯಾಂಡಿನ ಹಿಂದೆ ಅವನಿಗೊಂದು ರೇಡಿಯೋ ರಿಪೇರಿ ಅಂಗಡಿ, ಜೊತೆಗೆ ಹೊಸ ಮನೆಗಳಿಗೆ ವಯರಿಂಗ್ ಮಾಡುವ ಕೆಲಸ. ಸರಿಮಾಡಿ ಕೊಟ್ಟ ರೇಡಿಯೋ ಮರುದಿನ ಯಾರದೋ ಕಂಕುಳಲ್ಲಿ ಕೂತು ವಾಪಸು ಬರುತ್ತಿತ್ತು. "ಪ್ರೇಮಣ್ಣ, ಇದರ ಯಾವ ಕಿವಿ ಹಿಂಡಿದ್ರೆ ಮಂಗಳೂರು ಸಿಕ್ಕುದು?" ಮದುವೆಮನೆಗೆ ಹೋದರೆ ಊಟದ ಪಂಕ್ತಿಯಲ್ಲೇ ಹಿಡಿಯುತ್ತಿದ್ದರು. "ನಮ್ಮ ಫ್ಯಾನಿನ ಸ್ವಿಚ್ಚು ಎಡದ್ದಾ, ಬಲದ್ದಾ ಮಾರಾಯ್ರೆ?" ಇವನು ಬಾಯಲ್ಲಿದ್ದ ಹೋಳಿಗೆ ನುಂಗಿ ಉತ್ತರ ಹೇಳುವಷ್ಟರಲ್ಲಿ ಬಡಿಸುವವರು ಮುಂದೆ ಹೋಗಿಬಿಡುತ್ತಿದ್ದರು. (ಹೋಳಿಗೆಯ ವಿಷಯದಲ್ಲಿ ಅವನು ಚಿಕ್ಕಂದಿನಿಂದಲೂ ಸೂಕ್ಷ್ಮ. ಅದನ್ನೆಲ್ಲ ಹೇಳಹೊರಟರೆ ಇವತ್ತು ಮುಗಿಯುವುದಿಲ್ಲ.)

ಕೈಕೆಲಸ ಮಾತ್ರ ಚಿನ್ನ. ಅವನು ಎಳೆದ ತಂತಿ ಜಡೆ ಹೆಣೆದ ಹಾಗೆ ಇರುತ್ತಿತ್ತು. ಆದರೆ ಜನರ ಬುದ್ಧಿಗೆ ವಯರಿಂಗ್ ಮಾಡುವ ವಿದ್ಯೆ ಅವನಲ್ಲಿ ಇರಲಿಲ್ಲ.

ಎಂಬತ್ತಮೂರೋ ಎಂಬತ್ತನಾಲ್ಕೋ ಇಸವಿ. ಈಶ್ವರಮಂಗಲದ ಸಲಾಂ ದುಬಾಯಿಯಿಂದ ರಜೆಯಲ್ಲಿ ಬಂದು ತಾರಸಿ ಮನೆಯ ಕೆಲಸ ಮುಗಿಸಿದ್ದ. ಅವನ ತಾಯಿ ರುಖಿಯಮ್ಮ ಪಕ್ಕದ ಹಳೆಯ ಮನೆಯಲ್ಲಿ ಒಬ್ಬರೇ ಇದ್ದರು. ಆ ಮನೆಯ ಒಂದು ಗೋಡೆ ಆಗಲೇ ಹೊಟ್ಟೆ ಮುಂದೆ ಬಿಟ್ಟುಕೊಂಡು ನಿಂತಿತ್ತು. ಆದಿತ್ಯವಾರ ಸಲಾಂ ದುಬಾಯಿಗೆ ಹೊರಡಬೇಕು. ಅಷ್ಟರೊಳಗೆ ತಾಯಿ ಹೊಸಮನೆಗೆ ಬಂದರೆ ಅವನ ಎದೆಭಾರ ಇಳಿಯುತ್ತದೆ. ಆದರೆ ರುಖಿಯಮ್ಮನದು ಒಂದೇ ಹಟ.

"ನೋಡು ಮಗಾ, ಹಳೇ ಮನೆಯಲ್ಲಿ ಕಣ್ಣು ಮುಚ್ಚಿ ನಡೀತೇನೆ. ಇಲ್ಲಿ ಒಂದು ಲೈಟಿಗೂ ಆಚೆಮನೆಯವರನ್ನು ಕರೀಬೇಕಾದ್ರೆ ನಾನು ಬರುದಿಲ್ಲ. ಯಾರನ್ನೂ ಕೇಳದೆ ನನ್ನಿಂದ ಆಗ್ಬೇಕು."

"ಕೇಳದೆ ಆಗ್ಬೇಕು" ಎಂಬ ಮಾತು ಕಿವಿಗೆ ಬಿದ್ದದ್ದೇ ಆ ಮನೆಯ ವಯರಿಂಗ್ ಹಿಡಿದಿದ್ದ ಪ್ರೇಮನಾಥನಿಗೆ ಮೈಯೆಲ್ಲ ಕರೆಂಟು ಹರಿಯಿತು. ಇಂಥ ಗಿರಾಕಿಗಾಗಿಯೇ ಅಲ್ಲವೇ ಅವನು ಇಷ್ಟು ವರ್ಷ ಕಾದದ್ದು! ಎಂಟು ದಿನ ಕೂತು ಒಂದು ಮಹಾಫಲಕ ತಯಾರಿಸಿದ. ತೇಗದ ಹಲಗೆ. ಅದರ ಮೇಲೆ ಇಡೀ ಮನೆಯ ಹನ್ನೆರಡು ಸ್ವಿಚ್ಚುಗಳು ಎರಡು ಸಾಲಿನಲ್ಲಿ, ಶಾಲೆಯ ಮಕ್ಕಳ ಹಾಗೆ. ಎಲ್ಲ ಒಂದೇ ಬಿಳಿ, ಒಂದೇ ಗಾತ್ರ. ಪ್ರತಿಯೊಂದರ ಪಕ್ಕದಲ್ಲಿ ಕೆಂಪು ಪೇಂಟಿನಲ್ಲಿ ಹೆಸರು: ಚಾವಡಿ, ಬಾಗಿಲು, ನೀರು, ಹೀಗೆ. ಹೆಸರಿನ ಮೇಲ್ಗಡೆ "ತೆಗಿ", ಕೆಳಗಡೆ "ಹಾಕು". ಅದನ್ನು ಚಾವಡಿಯ ಗೋಡೆಗೆ ದೇವರ ಪಟದ ಎತ್ತರಕ್ಕೆ ಹೊಡೆದ.

ಜೊತೆಗೆ ಬಂದಿದ್ದ ಹೆಂಡತಿ ದೇವಕಿ ನೋಡಿ ಹೇಳಿದಳು, "ಸೌಟಿಗೆ ಯಾರಾದ್ರೂ 'ಇಲ್ಲಿ ಹಿಡಿಯಿರಿ' ಅಂತ ಬರೀತಾರಾ? ಇಷ್ಟು ಬರೀಬೇಕಾದ್ರೆ ಎಂತದೋ ಎಡವಟ್ಟು ಉಂಟು."

"ನಿನಗೆಂತ ಗೊತ್ತು? ನಾಲ್ಕನೇ ಕ್ಲಾಸು ಕಲ್ತವರಿಗೂ ಅರ್ಥ ಆಗ್ತದೆ."

"ಹಾಗಾದ್ರೆ ಶುಕ್ರವಾರ ರುಖಿಯಮ್ಮನೇ ಮಾಡಿ ನೋಡ್ಲಿ. ನೀವು ಮಾತ್ರ ಬಾಯಿ ತೆಗೀಬಾರ್ದು. ನೀವು ಹೇಳಿಕೊಟ್ರೆ ಅದು ನೀವು ನಡೆಸಿದ್ದು, ಬೋರ್ಡು ನಡೆಸಿದ್ದಲ್ಲ."

ಪ್ರೇಮನಾಥ ಒಪ್ಪಿದ. ಆದರೆ ಬಾಯಿಯ ಮೇಲೆ ಅವನಿಗೇ ನಂಬಿಕೆ ಇರಲಿಲ್ಲ. ಶುಕ್ರವಾರ ದೇವಕಿಯ ಜೊತೆ ಈಶ್ವರಮಂಗಲದ ಬಸ್ಸಿಳಿದವನೇ ನಾಲ್ಕು ವೀಳ್ಯದೆಲೆ, ಎರಡು ಹೋಳು ಅಡಿಕೆ, ಇಷ್ಟು ಹೊಗೆಸೊಪ್ಪು ಒಟ್ಟಿಗೆ ಬಾಯಿಗೆ ತುಂಬಿಕೊಂಡ. ಕೆನ್ನೆ ಕುಂಬಳಕಾಯಿಯಾಯಿತು. ಇನ್ನು ಮಾತಾಡಬೇಕೆಂದರೂ ಆಗದು.

ಜುಮ್ಮಾ ನಮಾಜು ಮುಗಿಸಿ ಬಂದ ಸಲಾಂ ತಾಯಿಯನ್ನು ಬೋರ್ಡಿನ ಮುಂದೆ ನಿಲ್ಲಿಸಿದ. "ಉಮ್ಮಾ, ಚಾವಡಿಯ ಲೈಟ್ ಹಾಕಿ ನೋಡುವಾ."

ರುಖಿಯಮ್ಮ ತುದಿಗಾಲಲ್ಲಿ ನಿಂತು, ಅಕ್ಷರ ಅಕ್ಷರ ಕೂಡಿಸಿ ಓದಿದರು. "ಚಾ-ವ-ಡಿ. ಹಾ-ಕು." ಒತ್ತಿದರು. ಲೈಟು ಹತ್ತಿತು. ಪ್ರೇಮನಾಥ ದೇವಕಿಯ ಕಡೆ ತಿರುಗಿ ಹುಬ್ಬು ಹಾರಿಸಿದ. ಆ ಹುಬ್ಬು ಕೆಳಗಿಳಿಯುವ ಮೊದಲೇ ಎರಡನೇ ಪರೀಕ್ಷೆ ಬಂತು.

"ಇನ್ನು ಬಾಗಿಲು" ಎಂದ ಸಲಾಂ. ಅದು ಎದುರುಬಾಗಿಲಿನ ಹೊರಗಿನ ದೀಪದ ಸ್ವಿಚ್ಚು.

"ಬಾಗಿಲು ಹಾಕು" ಎಂದು ಓದಿದ ರುಖಿಯಮ್ಮ ಸೀದಾ ಹೋಗಿ ಎದುರುಬಾಗಿಲು ಮುಚ್ಚಿ ಚಿಲಕ ಹಾಕಿ ಬಂದರು.

"ಹಾಗಲ್ಲ ಉಮ್ಮಾ!"

"ಎಂತ ಹಾಗಲ್ಲ? ಹಾಕು ಅಂತ ಬರ್ದದ್ದಲ್ವಾ, ಹಾಕಿದೆ. ಮೇಲೆ 'ತೆಗಿ' ಅಂತಲೂ ಉಂಟು. ತೆಗೀಬೇಕಾ?" ಎಂದು ಹೋಗಿ ಪುನಃ ತೆರೆದರು. "ಒಂದು ಸಲ ಹಾಕು ಹೇಳುದು, ಒಂದು ಸಲ ತೆಗಿ ಹೇಳುದು. ಈ ಹಲಗೆಗೇ ಒಂದು ನಿಶ್ಚಯ ಇಲ್ಲ ಮಾರಾಯ."

ದೇವಕಿ ಸೆರಗು ಬಾಯಿಗೆ ಒತ್ತಿಕೊಂಡಳು. ಪ್ರೇಮನಾಥ ಎರಡೂ ಕೈಯಲ್ಲಿ ಗಾಳಿಯಲ್ಲಿ ಬಲ್ಬು ಬಿಡಿಸಿದ. ರುಖಿಯಮ್ಮ ಅದನ್ನು ನೋಡಿ, "ಇವನಿಗೆಂತ, ತೆಂಗಿನಕಾಯಿ ಬೇಕಂತಾ?" ಎಂದು ಕೇಳಿದರು.

ಕೊನೆಗೆ ನೀರು. ಅದು ಬಾವಿಯ ಪಂಪಿನದು. ಇದಾದರೂ ದಾಟಲಿ ಎಂದು ಪ್ರೇಮನಾಥ ಮನಸ್ಸಿನಲ್ಲೇ ಮಹಾಲಿಂಗೇಶ್ವರನಿಗೆ ಒಂದು ರುದ್ರಾಭಿಷೇಕ ಹೇಳಿಕೊಂಡ.

"ಬಾವಿಯಿಂದ ನೀರು ಎಂತ ಮಾಡುದು? ತೆಗಿಯುದು" ಎಂದು ರುಖಿಯಮ್ಮ ಸ್ವಿಚ್ಚನ್ನು ಮೇಲಕ್ಕೆ ಒತ್ತಿದರು. ಅದು ಮೇಲೆಯೇ ಇತ್ತು. ಪಂಪು ಸುಮ್ಮನೆ. "ತೆಗಿ ತೆಗಿ ಅಂದ್ರೂ ತೆಗೀತಾ ಇಲ್ಲ" ಎಂದು ಸಿಟ್ಟಿನಿಂದ ಕೆಳಕ್ಕೆ ಒಂದು ಬಡಿದರು. ಪಂಪು ಗುರ್ ಎಂದು ಹೊರಟಿತು. ಎಲ್ಲರೂ ನಕ್ಕು, ತುಪ್ಪದನ್ನದ ಪರಿಮಳ ಹಿಡಿದು ಒಳಗೆ ಹೋದರು. ಪ್ರೇಮನಾಥ ಒಬ್ಬ ಚಾವಡಿಯಲ್ಲೇ ಕೂತ. ಬಾಯಿ ಖಾಲಿಮಾಡಿದರೆ ಮಾತು ಹೊರಬೀಳುತ್ತದೆ, ಖಾಲಿಮಾಡದಿದ್ದರೆ ಊಟವಿಲ್ಲ. ಅವನ ಬಾಳಿನಲ್ಲಿ ಅಂಥ ಧರ್ಮಸಂಕಟ ಇನ್ನೊಂದು ಬಂದಿರಲಿಲ್ಲ.

ಸ್ವಲ್ಪ ಹೊತ್ತಿಗೆ ತಾರಸಿಯ ಮೇಲೆ ಧೋ ಎಂಬ ಸದ್ದು. ಟಾಂಕಿ ತುಂಬಿ ಹೊರಚೆಲ್ಲುತ್ತಿತ್ತು. ಎಂಜಲುಗೈಯಲ್ಲೇ ಓಡಿಬಂದ ರುಖಿಯಮ್ಮ, "ನೀರು ಮುಚ್ಚಬೇಕು! ಬಾಗಿಲು ಮುಚ್ಚುದಕ್ಕೆ ಹಾಕು ಅಲ್ವಾ, ಹಾಗಾದ್ರೆ ನೀರಿಗೂ ಹಾಕು!" ಎಂದು ಕೆಳಗೇ ಇದ್ದ ಸ್ವಿಚ್ಚನ್ನು ಇನ್ನೂ ಕೆಳಕ್ಕೆ ಒತ್ತಿದರು. ಒತ್ತಿದಷ್ಟೂ ನೀರು. ಸಲಾಂ ಕೈ ಚಾಚಿದ. "ನೀನು ಸುಮ್ನಿರು, ಪರೀಕ್ಷೆ ನನ್ನದು!" ಎಂದು ಅವರು ಮೊಣಕೈಯಲ್ಲಿ ತಳ್ಳಿದರು.

ಪ್ರೇಮನಾಥನಿಗೆ ತಡೆಯಲಾಗಲಿಲ್ಲ. ಹೇಳಲೇಬೇಕು, ಹೇಳಬೇಕಾದರೆ ಉಗುಳಬೇಕು. ಅಂಗಳಕ್ಕೆ ಹಾರಿ ತಲೆ ಬಗ್ಗಿಸಿದ. ನಿಂತ ಜಾಗ ಸರಿಯಾಗಿ ಟಾಂಕಿಯ ಹೊರಚೆಲ್ಲಿನ ಪೈಪಿನ ಕೆಳಗೆ. ರುದ್ರಾಭಿಷೇಕ ಅಲ್ಲೇ ಆಯಿತು, ಇವನಿಗೇ. ಕೆಂಪು ನೀರು ಬಿಳಿ ಅಂಗಿಯ ಮೇಲೆ ಇಳಿಯುವುದನ್ನು ನೋಡಿ ರುಖಿಯಮ್ಮ, "ಯಾ ಅಲ್ಲಾ! ಪ್ರೇಮನಿಗೆ ರಕ್ತ ಬಂತು!" ಎಂದು ಕಿರುಚಿದರು. ಆ ಗಲಾಟೆಯಲ್ಲಿ ಸಲಾಂ ಪಂಪು ನಿಲ್ಲಿಸಿದ.

ರಕ್ತವಲ್ಲ ಎಂದು ಗೊತ್ತಾದ ಮೇಲೆ ರುಖಿಯಮ್ಮ ಕೈ ತೊಳೆದು ಮೆಲ್ಲಗೆ ಹೇಳಿದರು, "ನನಗೆ ಹಳೇ ಮನೆಯೇ ಸಾಕು ಮಗಾ. ನನ್ನ ತಲೆಗೆ ಇದು ಹೋಗುದಿಲ್ಲ." ಸಲಾಂ ತಟ್ಟೆಯ ಮುಂದೆ ಕೂತಿದ್ದ, ಅನ್ನ ಮುಟ್ಟಲಿಲ್ಲ. ನಗುತ್ತಿದ್ದ ಮನೆ ಒಮ್ಮೆಲೇ ಸಪ್ಪೆಯಾಯಿತು.

ದೇವಕಿ ರುಖಿಯಮ್ಮನ ಪಕ್ಕ ಹೋಗಿ ಕೂತಳು. "ನಿಮ್ಮ ತಲೆ ಸರಿಯಾಗಿಯೇ ಉಂಟು. ನೀವು ಓದಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಲೈಟ್ ತೆಗಿ ಅಂದ್ರೆ ನಂದಿಸುದು, ಬಾಗಿಲು ತೆಗಿ ಅಂದ್ರೆ ತೆರೆಯುದು, ನೀರು ತೆಗಿ ಅಂದ್ರೆ ಸೇದುದು. ನಾವು ಮಾತಾಡುದೇ ಹಾಗೆ. ಬರೆದವರಿಗೆ ಅದು ತಲೆಗೆ ಹೋಗ್ಲಿಲ್ಲ, ಅಷ್ಟೆ. ಈಗ ಹೇಳಿ, ನಿಮಗೆ ಸ್ವಿಚ್ಚು ಎಲ್ಲಿ ಬೇಕು?"

ಈ ಪ್ರಶ್ನೆಯನ್ನು ಎಂಟು ದಿನದಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ರುಖಿಯಮ್ಮ ಎದ್ದು ಮನೆಯೆಲ್ಲ ನಡೆದರು. ನಡೆಯುವಾಗ ಕೈ ತಾನಾಗಿ ಎಲ್ಲಿ ಗೋಡೆ ಮುಟ್ಟಿತೋ, ಅಲ್ಲಿ ದೇವಕಿ ಇದ್ದಿಲಿನಿಂದ ಒಂದು ಗೆರೆ ಎಳೆದಳು. ಪಂಪಿನದು ಅಡಿಗೆಕೋಣೆಯ ಕಿಟಕಿಯ ಹತ್ತಿರ, ಪೈಪು ಚೆಲ್ಲುವುದು ಕಾಣುವ ಹಾಗೆ. ಎಲ್ಲ ಸೊಂಟದ ಎತ್ತರ. ಬರಹ ಒಂದೂ ಬೇಡ.

ಅಂಗಿ ಒಣಗುವ ತನಕ ಪ್ರೇಮನಾಥ ಸಲಾಂನ ದುಬಾಯಿ ಬನಿಯನ್ನಿನಲ್ಲಿ ನಿಂತು ಮಹಾಫಲಕವನ್ನು ಬಿಚ್ಚಿದ. ಬಿಚ್ಚುವಾಗ ಮುಖ ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವ ಅಪ್ಪನ ಹಾಗಿತ್ತು. ಶನಿವಾರ ಸಂಜೆಗೆ ಎಲ್ಲ ಗೆರೆಯ ಮೇಲೂ ಒಂದೊಂದು ಸ್ವಿಚ್ಚು ಕೂತಿತು. ರುಖಿಯಮ್ಮ ಕೋಣೆಯಿಂದ ಕೋಣೆಗೆ ಹೋಗಿ ದೀಪ ಹತ್ತಿಸಿ, ನಂದಿಸಿ, ಪಂಪು ಹೊರಡಿಸಿ, ಸರಿಯಾದ ಹೊತ್ತಿಗೆ ನಿಲ್ಲಿಸಿ, ಯಾರನ್ನೂ ಒಂದು ಮಾತು ಕೇಳದೆ ತಿರುಗಿ ಬಂದರು.

"ಆಯ್ತು ಮಗಾ" ಎಂದರು. "ನೀನು ಧೈರ್ಯದಲ್ಲಿ ಹೋಗು. ಇವತ್ತಿಂದ ನಾನು ಇಲ್ಲೇ ಮಲಗುದು."

ಸಲಾಂ ತಾಯಿಯ ಕೈ ಹಿಡಿದುಕೊಂಡ. ದೇವಕಿ ಕಣ್ಣೊರೆಸಿಕೊಂಡಳು. ಪ್ರೇಮನಾಥನ ಕಣ್ಣೂ ತುಂಬಿ ಬಂತು. ಅದನ್ನು ಯಾರಿಗೂ ತೋರಿಸಬಾರದೆಂದು ಮುಖ ತೊಳೆಯುವ ನೆವದಲ್ಲಿ ಬಚ್ಚಲಿಗೆ ನುಗ್ಗಿದ. ಒಳಗೆ ಮಬ್ಬು. ಅವನ ಕೈ ಅಭ್ಯಾಸದಂತೆ ತಲೆಯ ಎತ್ತರದಲ್ಲಿ ತಡಕಾಡಿತು. ಬಲಕ್ಕೆ, ಎಡಕ್ಕೆ. ಬರೀ ಗೋಡೆ. ಸ್ವಂತ ಕೈಯಿಂದ ಮಧ್ಯಾಹ್ನ ಹೊಡೆದ ಸ್ವಿಚ್ಚು!

ಐದು ನಿಮಿಷ ಮರ್ಯಾದೆ ಹಿಡಿದುಕೊಂಡು ನಿಂತ. ಕಾಲಿಗೆ ಚೆಂಬು ಸಿಕ್ಕಿ ಢಣಾರ್ ಎಂದು ಉರುಳಿತು. ಕೊನೆಗೆ ಕೂಗಿದ, "ರುಖಿಯಮ್ಮಾ! ಇಲ್ಲಿ ಲೈಟಿಗೆ ಎಂತ ಮಾಡುದು?"

ಹೊರಗೆ ಮೂರು ಜನರ ನಗು. ನಗುವಿನ ಮಧ್ಯದಿಂದ ರುಖಿಯಮ್ಮನ ದನಿ: "ಬಾಗಿಲಿನ ಹತ್ರವೇ ಉಂಟಲ್ಲಾ ಮಾರಾಯ! ಹಾಕು, ಹಾಕು!"

ಪ್ರೇಮನಾಥ ವಿಧೇಯನಾಗಿ ಬಾಗಿಲು ಹಾಕಿಕೊಂಡ. ಇದ್ದ ಮಬ್ಬು ಬೆಳಕೂ ಹೋಯಿತು.