ಮದ್ರಾಸ್ ಪ್ರಾಂತ್ಯದ ಕಬಕ

ಮೂವತ್ತು ವರ್ಷ ಮಕ್ಕಳಿಗೆ ಸಮಾಜ ಪಾಠ ಹೇಳಿ ನಿವೃತ್ತಳಾದ ನನಗೆ ರಾಜ್ಯ ಯಾವುದು, ಪ್ರಾಂತ್ಯ ಯಾವುದು ಎಂದು ಯಾರೂ ಕಲಿಸಬೇಕಾಗಿಲ್ಲ. ಆ ನಂಬಿಕೆಯೇ ನನ್ನನ್ನು ಮುಳುಗಿಸಿದ್ದು!

ನಮ್ಮೂರು ಕಬಕದ ಶಾಲೆಯಲ್ಲಿ ನನ್ನ ಬೆಂಚಿನವಳು ಜುಬೈದಾ. ಮದುವೆಯಾಗಿ ಗಲ್ಫಿಗೆ ಹೋದವಳು ಈಗ ಕೆನಡಾದಲ್ಲಿದ್ದಾಳೆ. ಒಂದು ದಿನ ಅವಳ ಫೋನು.

"ಏಳನೇ ಕ್ಲಾಸಿನ ಫೋಟೊ ಸಿಕ್ಕಿತು ಮಾರಾಯ್ತಿ! ಅದ್ರಲ್ಲಿ ನಿನ್ನ ಅಪ್ಪನೂ ಉಂಟು."

ಅಪ್ಪ ಆ ಶಾಲೆಯ ಜವಾನ. ಗಂಟೆ ಹೊಡೆಯುವುದು ಅವರ ಕೆಲಸ. ನನ್ನ ಲೆಕ್ಕ ತಪ್ಪಿ ಮಾಸ್ಟ್ರು ಬೆತ್ತ ಹುಡುಕುವ ದಿನ ಊಟದ ಗಂಟೆ ಎರಡು ನಿಮಿಷ ಮೊದಲೇ ಬೀಳುತ್ತಿತ್ತು. ಅವರದ್ದೊಂದು ಫೋಟೊ ಕೂಡ ನಮ್ಮ ಮನೆಯಲ್ಲಿರಲಿಲ್ಲ.

"ಮೊಬೈಲಿಗೆ ಕಳಿಸ್ಲಾ?"

"ಬೇಡ! ನನಗೆ ಅದೇ ಫೋಟೊ ಕೈಯಲ್ಲಿ ಹಿಡೀಬೇಕು."

ಅವಳು ನಕಲೂ ಇಟ್ಟುಕೊಳ್ಳದೆ ಪಾರ್ಸೆಲ್ ಕಟ್ಟಿದಳು. ಪಾರ್ಸೆಲಿನವರಿಂದ ವಿಳಾಸ ತುಂಬಿಸುವ ಫಾರ್ಮ್ ನನ್ನ ಮೊಬೈಲಿಗೆ ಬಂತು. ಒಂದು ಚೌಕದಲ್ಲಿ 'ಸ್ಟೇಟ್/ಪ್ರಾವಿನ್ಸ್' ಎಂದಿತ್ತು. ಯಜಮಾನರು ಇಣುಕಿದರು.

"ಕರ್ನಾಟಕ ಅಂತ ಬರೆದ್ರೆ ಆಯ್ತಲ್ಲ?"

"ಅದು ರಾಜ್ಯ. ಪ್ರಾಂತ್ಯವನ್ನೂ ಕೇಳಿದ್ದಾರೆ."

"ನಮಗೆ ಪ್ರಾಂತ್ಯ ಎಲ್ಲಿ ಉಂಟು?"

"ನಿಮಗೆ ಎಂತ ಗೊತ್ತುಂಟು?" ಎಂದೆ. ಬ್ರಿಟಿಷರ ಕಾಲದಲ್ಲಿ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ನನ್ನ ಅಜ್ಜಿ ಸಾಯುವವರೆಗೂ ಸರ್ಕಾರವನ್ನು ಬಯ್ಯುವಾಗ 'ಆ ಮದ್ರಾಸಿನವರು' ಎಂದೇ ಬಯ್ಯುತ್ತಿದ್ದರು. ಬರೆದೆ: ಕರ್ನಾಟಕ, ಮದ್ರಾಸ್ ಪ್ರಾಂತ್ಯ. ಪಿನ್‌ಕೋಡಿನಲ್ಲೂ ಒಂದು ಅಂಕೆ ತಪ್ಪಿದ್ದು ಬೇರೆ ವಿಷಯ!

ಎರಡು ವಾರವಾದರೂ ಪಾರ್ಸೆಲ್ ಬರಲಿಲ್ಲ. ಪುತ್ತೂರಿನ ಪಾರ್ಸೆಲ್ ಆಫೀಸಿಗೆ ಹೋದೆ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿದಳು.

"ನಿಮ್ಮದು ಚೆನ್ನೈಯಲ್ಲಿ ಉಂಟು ಮೇಡಂ. ಮದ್ರಾಸ್ ಅಂತ ಬರ್ದದ್ದು ಎಂತಕ್ಕೆ?"

ನಾನು ಗಂಟಲು ಸರಿಪಡಿಸಿಕೊಂಡೆ. "ನೋಡಮ್ಮ, ರಾಜ್ಯಕ್ಕೆ ಅಧಿಕಾರ ಕೊಟ್ಟದ್ದು ಸಂವಿಧಾನ. ಬ್ರಿಟಿಷರ ಪ್ರಾಂತ್ಯದಲ್ಲಿ ಗವರ್ನರನದ್ದೇ ಕಾರುಬಾರು. ಕೆನಡಾದಲ್ಲಿ ಮಾತ್ರ ನಮ್ಮ ರಾಜ್ಯದಂಥದ್ದನ್ನೇ ಪ್ರಾಂತ್ಯ ಅನ್ನುದು..."

ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು.

"ಮೇಡಂ, ನಡುವಿನ ಗೆರೆ ಅಂದ್ರೆ 'ಅಥವಾ' ಅಂತ. ಎರಡ್ರಲ್ಲಿ ಒಂದು ಬರೆದ್ರೆ ಸಾಕು."

ತಿದ್ದುಪಡಿ ಫಾರ್ಮ್ ಕೊಟ್ಟಳು. ಈ ಸಲ ಮದ್ರಾಸಿನ ಸುದ್ದಿಗೇ ಹೋಗಲಿಲ್ಲ. ರಾಜ್ಯಕ್ಕಿಂತ ಜಿಲ್ಲೆ ಬರೆದರೆ ಬೇಗ ಬಂದೀತೆಂದು ದಕ್ಷಿಣ ಕನ್ನಡ ಬರೆಯಹೊರಟೆ. ಚೌಕದಲ್ಲಿ ಹಿಡಿಯಲಿಲ್ಲ. ಮೊಟಕು ಮಾಡಿ ಇಂಗ್ಲಿಷಿನಲ್ಲಿ 'ಕನ್ನಡ' ಎಂದಷ್ಟೇ ಗೀಚಿದೆ. ನನ್ನ ಅಕ್ಷರವನ್ನು ಯಾರೋ ಪುಣ್ಯಾತ್ಮರು ಓದಿ, ಪಾರ್ಸೆಲನ್ನು ಕೆನಡಾಕ್ಕೇ ಹತ್ತಿಸಿಬಿಟ್ಟರು!

ಅದು ಜುಬೈದಾಳ ಕೈಗೆ ತಲುಪಿತೆಂಬ ಸುದ್ದಿ ಬರುವವರೆಗೆ ನನಗೆ ಊಟ ಸೇರಲಿಲ್ಲ. ಬದುಕಿದ್ದಾಗ ಸುಬ್ರಹ್ಮಣ್ಯದಿಂದ ಆಚೆ ಹೋಗದ ಅಪ್ಪನನ್ನು ನಾನು ಲೋಕ ಸುತ್ತಿಸುತ್ತಿದ್ದೆ.

ಕೊನೆಗೆ ಜುಬೈದಾ ರಜೆಯಲ್ಲಿ ಊರಿಗೆ ಬರುವಾಗ ಫೋಟೊವನ್ನು ಕೈಚೀಲದಲ್ಲೇ ಇಟ್ಟು ತಂದಳು.

"ಇನ್ನು ನೀನು ಎಂತದೂ ಬರೀಬೇಡ, ಆಯ್ತಾ?"

ಫೋಟೊದಲ್ಲಿ ಅಪ್ಪ ಒಂದು ತುದಿಯಲ್ಲಿ ಖಾಕಿ ಅಂಗಿ ತೊಟ್ಟು ನೆಟ್ಟಗೆ ನಿಂತಿದ್ದಾರೆ. ಎಷ್ಟು ಸಣ್ಣ ಪ್ರಾಯ! ಈಗಿನ ನನಗಿಂತ ಎಷ್ಟೋ ಚಿಕ್ಕವರು. ಕಣ್ಣೊರೆಸಿಕೊಂಡು ನನ್ನನ್ನು ಹುಡುಕಿದೆ. ಕಾಣಲಿಲ್ಲ.

"ಇಗೋ, ಇಲ್ಲಿ" ಎಂದು ಜುಬೈದಾ ಒಂದು ಜಡೆಯ ಮೇಲೆ ಬೆರಳಿಟ್ಟಳು. "ಫೋಟೊದವ್ರು 'ಎಲ್ಲರೂ ಕೆಮರಾ ನೋಡಿ' ಅಂದಿದ್ರು. ನೀನು ತಿರುಗಿ ಅಪ್ಪನನ್ನು ನೋಡಿದ್ದು."

ಮೂವತ್ತೇಳು ಮಕ್ಕಳಲ್ಲಿ ಸೂಚನೆ ಅರ್ಥವಾಗದವಳು ನಾನೊಬ್ಬಳೇ!